ಪಡಸಾಲೆಯಲ್ಲೇ ಉಳಿದವರು: ಎಚ್‌-1ಬಿ ವೀಸಾ ನಡೆದುಬಂದ ದಾರಿ

ಅಮೆರಿಕದ ಕೆಲಸಕ್ಕೆ ಆಯ್ಕೆಯಾದ ಬೆಂಗಳೂರಿನವರು ಎಚ್‌-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದ ಸಂದರ್ಶನಕ್ಕಾಗಿ ದಶಕಗಳ ಕಾಲ ಫೈಲು ಹಿಡಿದು ಚೆನ್ನೈಗೆ ಹೋಗಿಬಂದಿದ್ದಾರೆ. ಬೆಂಗಳೂರಿನಲ್ಲಿ ಆ ದೇಶದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿ 17ರಂದು. ಆ ಫೈಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಐ-797 ಎಂಬ ಮಂಜೂರಾತಿ ಪತ್ರ. ಅದರಲ್ಲಿ ಅರ್ಜಿದಾರನ ಜಾಗದಲ್ಲಿ ಕಂಪನಿಯ ಹೆಸರಿರುತ್ತದೆ. ಹೋಗುವವರ ಹೆಸರು ಇರುವುದು ಫಲಾನುಭವಿಯ ಜಾಗದಲ್ಲಿ. ವೀಸಾ ಸಿಕ್ಕಿತೆಂದು ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಅದು ಸಿಕ್ಕಿದ್ದು ಕಂಪನಿ ಕೇಳಿದ್ದರಿಂದ, ಆ ಕಂಪನಿ ಹೇಳಿದ ಕೆಲಸಕ್ಕೆ ಮಾತ್ರ. ಸ್ಪಾನ್ಸರ್ ಮಾಡುವುದು ಎಂಬ ಮಾತಿನ ತಿರುಳು ಇಷ್ಟೇ. ಮುಂದಿನ ಎಲ್ಲ ಸಂಕಟಗಳೂ ಇಲ್ಲಿಂದಲೇ ಹುಟ್ಟುತ್ತವೆ.

1946ರ ಕಾನೂನಿನ ಪ್ರಕಾರ ಅಮೆರಿಕದಲ್ಲಿ ನೆಲೆಸಲು ಭಾರತೀಯರಿಗೆ ವರ್ಷಕ್ಕೆ ಇದ್ದ ಅವಕಾಶ 100 ಮಾತ್ರ. 1952ರ ವಲಸೆ ಕಾಯ್ದೆ ಎಚ್‌-1 ಎಂಬ ಹೊಸ ವರ್ಗವನ್ನು ತೆರೆಯಿತು. ವಿಶಿಷ್ಟ ಯೋಗ್ಯತೆ ಇರುವವರನ್ನು ತಾತ್ಕಾಲಿಕವಾಗಿ ಕರೆಸಿಕೊಳ್ಳಬಹುದಿತ್ತು, ಆದರೆ ಅವರು ಮಾಡುವ ಕೆಲಸವೂ ತಾತ್ಕಾಲಿಕವಾಗಿರಬೇಕಿತ್ತು. 1965ರಲ್ಲಿ ಮೂಲದೇಶ ನೋಡಿ ಪಾಲು ಹಂಚುವ ಹಳೆಯ ಪದ್ಧತಿ ಹೋಯಿತು. 1970ರ ತಿದ್ದುಪಡಿ ಎಚ್‌-1 ವರ್ಗಕ್ಕಿದ್ದ ತಾತ್ಕಾಲಿಕ ಕೆಲಸದ ಷರತ್ತನ್ನು ತೆಗೆದುಹಾಕಿತು. ಅಂದಿನಿಂದ ಕೆಲಸ ಕಾಯಂ ಆಗಿರಬಹುದು, ಮಾಡುವವರು ಮಾತ್ರ ತಾತ್ಕಾಲಿಕ. ಈ ತಿದ್ದುಪಡಿಯನ್ನು ಈಗ ಯಾರೂ ನೆನೆಯುವುದಿಲ್ಲ. ಆದರೆ ಇಂದಿನ ವ್ಯವಸ್ಥೆಯ ಬೇರು ಇರುವುದು ಅದರಲ್ಲೇ ಎಂದು ನನಗೆ ಅನ್ನಿಸುತ್ತದೆ.

1989ರಲ್ಲಿ ದಾದಿಯರಿಗೆ ಎಚ್‌-1ಎ ಎಂಬ ಪ್ರತ್ಯೇಕ ವರ್ಗವಾಗಿ, ಉಳಿದವರದು ಎಚ್‌-1ಬಿ ಆಯಿತು. ಮರುವರ್ಷ ನವೆಂಬರ್ 29ರಂದು ಅಧ್ಯಕ್ಷ ಜಾರ್ಜ್ ಎಚ್‌. ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆ ಅದಕ್ಕೆ ಈಗಿನ ರೂಪ ಕೊಟ್ಟಿತು. ವರ್ಷಕ್ಕೆ 65,000 ಹೊಸ ವೀಸಾ. ಕನಿಷ್ಠ ಪದವಿ ಬೇಡುವ ಕೆಲಸ. ಆ ಪ್ರದೇಶದಲ್ಲಿ ಅದೇ ಕೆಲಸಕ್ಕೆ ನಡೆಯುವ ಸಂಬಳಕ್ಕೆ ಕಡಿಮೆಯಾಗದಂತೆ ಕೊಡುತ್ತೇನೆಂದು ಕಂಪನಿ ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು. ಹೆಚ್ಚೆಂದರೆ ಆರು ವರ್ಷ. ಈ ವೀಸಾದಲ್ಲಿ ಬಂದವರು ಅಲ್ಲೇ ನೆಲೆಸಲು ಬಯಸುವುದು ತಪ್ಪಲ್ಲ ಎಂದೂ ಆ ಕಾಯ್ದೆ ಒಪ್ಪಿಕೊಂಡಿತು.

ಅದೇ ಕಾಯ್ದೆ, ಅಮೆರಿಕದಲ್ಲಿ ಕಾಯಂ ನೆಲೆಸಲು ಬಿಡುವ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳನ್ನು ವರ್ಷಕ್ಕೆ 1,40,000 ಎಂದು ಗೊತ್ತುಮಾಡಿ, ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿ ಹಾಕಿತು. ಲೆಕ್ಕ ಹಾಕಿದರೆ ಸುಮಾರು 9,800. ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರೂ ಇದರೊಳಗೇ. ಬೇರೆ ದೇಶದವರು ಬಳಸದೆ ಬಿಟ್ಟದ್ದು ಸಿಕ್ಕಿದರೆ ಅದು ಲಾಭ. ಎಚ್‌-1ಬಿಗೆ ಮಾತ್ರ ಇಂಥ ದೇಶವಾರು ಮಿತಿ ಇಲ್ಲ. ಹೆಬ್ಬಾಗಿಲಲ್ಲಿ ಯಾವ ಊರಿನವರೆಂದು ಕೇಳದೆ ಒಳಗೆ ಕರೆದು, ಪಡಸಾಲೆ ದಾಟಿ ನಡುಮನೆಗೆ ಕಾಲಿಡುವಾಗ ಹುಟ್ಟೂರು ಕೇಳಿ ತಡೆದಂತೆ. ಭಾರತೀಯರ ಉದ್ದನೆಯ ಸಾಲು ಆಕಸ್ಮಿಕವಲ್ಲ. ಈ ಎರಡು ಬಾಗಿಲುಗಳ ಅಳತೆಯಲ್ಲೇ ಅದು ಅಡಗಿತ್ತು.

ಆ 1990ರ ಕಾಯ್ದೆಯ ಮುಂದಿನ ವರ್ಷವೇ ಭಾರತದಲ್ಲಿ ಆರ್ಥಿಕ ಉದಾರೀಕರಣ. 1983ರಲ್ಲಿ ಇನ್ಫೋಸಿಸ್, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ನೆಲೆಗೊಂಡಿದ್ದ ಬೆಂಗಳೂರು ಆಗಲೇ ಅಣಿಯಾಗಿತ್ತು. 2000ನೇ ಇಸವಿಯ ದಿನಾಂಕ ಬಂದಾಗ ಹಳೆಯ ಕಂಪ್ಯೂಟರ್ ವ್ಯವಸ್ಥೆಗಳು ಎಡವುತ್ತವೆಂಬ ವೈ2ಕೆ ಗಾಬರಿ ಬಂದಾಗ, ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಅಮೆರಿಕಕ್ಕೆ ತುರ್ತಾಗಿ ಬೇಕಾದರು. 1998ರಲ್ಲಿ ಎಚ್‌-1ಬಿಯ ವಾರ್ಷಿಕ ಮಿತಿ 1,15,000ಕ್ಕೆ, 2000ದ ಕಾಯ್ದೆಯಿಂದ ಮೂರು ವರ್ಷಗಳ ಮಟ್ಟಿಗೆ 1,95,000ಕ್ಕೆ ಏರಿತು. 2004ರಲ್ಲಿ ಮತ್ತೆ 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೊಂದು 20,000 ಸೇರಿತು. ಅರ್ಜಿಗಳು ಮಾತ್ರ ಕಡಿಮೆಯಾಗಲಿಲ್ಲ. 2007ರ ಏಪ್ರಿಲ್ 2ರಂದು, ಅರ್ಜಿ ತೆಗೆದುಕೊಳ್ಳಲು ಆರಂಭಿಸಿದ ದಿನವೇ, ಮಿತಿ ಮೀರಿ ಲಾಟರಿ ಎತ್ತಬೇಕಾಯಿತು. ಓದು, ಅನುಭವ, ಸಂದರ್ಶನಗಳನ್ನೆಲ್ಲ ಗೆದ್ದು ಬಂದವರ ಮುಂದಿನ ಬದುಕನ್ನು ಚೀಟಿ ಎತ್ತಿ ತೀರ್ಮಾನಿಸುವುದನ್ನು ನಾನಂತೂ ಒಪ್ಪಲಾರೆ.

2000ದ ಕಾಯ್ದೆ ಎರಡು ಉಪಕಾರಗಳನ್ನೂ ಮಾಡಿತ್ತು. ಹೊಸ ಕಂಪನಿ ಅರ್ಜಿ ಹಾಕಿದ ಕೂಡಲೇ ಅಲ್ಲಿ ಕೆಲಸಕ್ಕೆ ಸೇರಬಹುದು. ಗ್ರೀನ್ ಕಾರ್ಡ್ ಸರದಿಯಲ್ಲಿದ್ದರೆ ಆರು ವರ್ಷ ಮುಗಿದ ಮೇಲೂ ವೀಸಾ ವಿಸ್ತರಿಸಿಕೊಳ್ಳಬಹುದು. ಎಷ್ಟೋ ಸಂಸಾರಗಳನ್ನು ಈ ಎರಡನೆಯದು ಉಳಿಸಿದೆ. ಆದರೆ ಕಾಯುವುದಕ್ಕೆ ಕೊನೆಯೇ ಬೇಕಿಲ್ಲವೆಂದಾದ ಮೇಲೆ ಸಾಲನ್ನು ಕರಗಿಸುವ ಅವಸರವೂ ಅಮೆರಿಕದ ಸಂಸತ್ತಿಗೆ ಉಳಿಯಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮಂಜೂರಾದ ಎಚ್‌-1ಬಿ ಅರ್ಜಿಗಳಲ್ಲಿ ಶೇ 70ಕ್ಕಿಂತ ಹೆಚ್ಚು ಭಾರತದಲ್ಲಿ ಹುಟ್ಟಿದವರವು. ಕೆಲಸ ಹೋದರೆ ಅವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಬ್ಬ ಸ್ಪಾನ್ಸರ್ ಸಿಗಬೇಕು, ಇಲ್ಲವಾದರೆ ಬೇರೆ ವೀಸಾಕ್ಕೆ ಬದಲಾಗಬೇಕು, ಅದೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಗ್ರೀನ್ ಕಾರ್ಡ್ ಸರದಿಯಲ್ಲಿದ್ದವರ ಗಂಡ ಅಥವಾ ಹೆಂಡತಿಗೆ ದುಡಿಯಲು ಅನುಮತಿ ಸಿಕ್ಕಿದ್ದೂ 2015ರಲ್ಲಿ.

ಅಲ್ಲಿನ ಕೆಲಸಗಾರರ ಸಿಟ್ಟಿಗೂ ಕಾರಣವಿದೆ. ಫ್ಲಾರಿಡಾದ ಡಿಸ್ನಿಯಲ್ಲಿ ಕೆಲಸ ಕಳೆದುಕೊಂಡ ಸುಮಾರು 250 ತಂತ್ರಜ್ಞರಲ್ಲಿ ಹಲವರು, ಎಚ್‌-1ಬಿಯಲ್ಲಿ ತಮ್ಮ ಜಾಗಕ್ಕೆ ಬಂದವರಿಗೆ ತಾವೇ ಕೆಲಸ ಕಲಿಸಿಕೊಟ್ಟು ಹೋಗಬೇಕಾಯಿತೆಂಬ ಸುದ್ದಿ 2015ರಲ್ಲಿ ಹೊರಬಿತ್ತು. ಹಕ್ಕಿನಿಂದ ಬಾಯಿಬಿಡಲಾಗದ ನೌಕರನನ್ನು ಸೃಷ್ಟಿಸುವ ಕಾನೂನು ಪಕ್ಕದ ಕುರ್ಚಿಯಲ್ಲಿ ಕೂತ ಅಮೆರಿಕನ್ನನಿಗೂ ಕೇಡು ಮಾಡುತ್ತದೆ.

2025ರ ಸೆಪ್ಟೆಂಬರ್ 19ರ ಶುಕ್ರವಾರ ಅಧ್ಯಕ್ಷ ಟ್ರಂಪ್ ಎಚ್‌-1ಬಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಹೊರಡಿಸಿದರು. ಭಾನುವಾರದಿಂದಲೇ ಜಾರಿ. ಆ ಭಾನುವಾರ ಮಹಾಲಯ ಅಮಾವಾಸ್ಯೆ, ಸೋಮವಾರದಿಂದ ನವರಾತ್ರಿ. ರಜೆಯಲ್ಲಿ ಹೊರಗಿದ್ದವರು ಕೂಡಲೇ ಹಿಂತಿರುಗಬೇಕೆಂದು ಕೆಲವು ದೊಡ್ಡ ಕಂಪನಿಗಳು ತಾಕೀತು ಮಾಡಿದವು. ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬಂದದ್ದು ಘೋಷಣೆಯ ಮಾರನೆಯ ದಿನ, ಶನಿವಾರ.

1990ರ 1,40,000 ಮತ್ತು ಶೇ 7 ಎಂಬ ಆ ಎರಡು ಅಂಕಿಗಳು ಈಗಲೂ ಹಾಗೆಯೇ ಇವೆ. 2025ರ ಕೊನೆಯಲ್ಲಿ, ಸ್ನಾತಕೋತ್ತರ ಪದವೀಧರರ ವರ್ಗದಲ್ಲಿ ಭಾರತೀಯರ ಗ್ರೀನ್ ಕಾರ್ಡ್ ಸರದಿ 2013ರ ಅರ್ಜಿಗಳಲ್ಲಿ ನಿಂತಿತ್ತು. ತಂದೆತಾಯಿಯ ವೀಸಾಕ್ಕೆ ಅಂಟಿಕೊಂಡು ಅಲ್ಲಿ ಇರುವ ಅವಕಾಶ ಮಕ್ಕಳಿಗೆ 21 ವರ್ಷದವರೆಗೆ ಮಾತ್ರ. 2013ರಲ್ಲಿ ಎಂಟು ವರ್ಷದವಳಾಗಿದ್ದ ಹುಡುಗಿಗೆ 2026ರಲ್ಲಿ 21 ತುಂಬುತ್ತದೆ.