ದಾಖಲೆ ಕಾರಿನ ಮಾದರಿ ಕೊಳ್ಳುವ ಮುನ್ನ ತಾರೀಕು ಕೇಳಿ

ಪ್ರಶ್ನೆ: ಒಂದೇ ದಾಖಲೆ ಕಾರಿನ ಎರಡು ಪುಟ್ಟ ಆಟಿಕೆ ಮಾದರಿಗಳನ್ನು ನೋಡಿದೆ. ಒಂದಕ್ಕೆ ಬಾಲದಲ್ಲಿ ಎತ್ತರದ ರೆಕ್ಕೆ ಇದೆ, ಇನ್ನೊಂದಕ್ಕೆ ಇಲ್ಲ. ಯಾವುದು ಸರಿ? ಕೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಎರಡೂ ಸರಿ ಇರಬಹುದು. ನೆಲದ ಮೇಲಿನ ವೇಗದ ದಾಖಲೆಗೆಂದು ಕಟ್ಟಿದ ಕಾರುಗಳು ಒಂದು ಓಟದಲ್ಲಿದ್ದಂತೆ ಮುಂದಿನ ಓಟದಲ್ಲಿ ಇರುತ್ತಿರಲಿಲ್ಲ. ಆದ್ದರಿಂದ ಕಾರಿನ ಹೆಸರು ಸಾಲದು, ಮಾದರಿ ಯಾವ ದಿನದ ಓಟದ್ದು ಎಂದು ಕೇಳಬೇಕು.

ಇದಕ್ಕೆ ಬ್ರಿಟನ್ನಿನ ಚಾಲಕ ಜಾರ್ಜ್ ಐಸ್ಟನ್ ಅವರ ಥಂಡರ್‌ಬೋಲ್ಟ್ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅಮೆರಿಕದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ಅದು ಮೂರು ಸಲ ದಾಖಲೆ ಮಾಡಿತು: 1937ರ ನವೆಂಬರ್‌ನಲ್ಲಿ ಗಂಟೆಗೆ 312 ಮೈಲಿ, 1938ರ ಆಗಸ್ಟ್ 27ರಂದು 345.50, ಸೆಪ್ಟೆಂಬರ್ 16ರಂದು 357.50. 1938ರಲ್ಲಿ ಸಮಯ ಅಳೆಯುವ ಬೆಳಕಿನ ಯಂತ್ರಕ್ಕೆ, ಬಿಳಿ ಉಪ್ಪಿನ ಹಿನ್ನೆಲೆಯಲ್ಲಿ ಹೊಳೆಯುತ್ತಿದ್ದ ಅಲ್ಯೂಮಿನಿಯಂ ಮೈ ಕಾಣಲೇ ಇಲ್ಲ. ಹಾಗಾಗಿ ಪಕ್ಕಗಳಿಗೆ ದೊಡ್ಡ ಕಪ್ಪು ಬಾಣ ಬಳಿದರು. ಸೆಪ್ಟೆಂಬರ್ ಓಟಕ್ಕೆ ರೇಡಿಯೇಟರ್ ತೆಗೆದು ಮೂತಿ ಮುಚ್ಚಿದರು, ಬಾಲದ ರೆಕ್ಕೆಯನ್ನೂ ಕಳಚಿದರು. ಹಿಂದಿನ ದಿನವಷ್ಟೇ ಎದುರಾಳಿ ಚಾಲಕ ಜಾನ್ ಕಾಬ್ 350.20 ಮುಟ್ಟಿದ್ದರಿಂದ ಐಸ್ಟನ್‌ಗೆ ಪ್ರತಿ ಮೈಲಿಯೂ ಬೇಕಿತ್ತು. ಈಗ ಲೆಕ್ಕ ಸುಲಭ. ಬಾಣವಿಲ್ಲದೆ ರೆಕ್ಕೆ ಇದ್ದರೆ 1937. ಬಾಣವೂ ರೆಕ್ಕೆಯೂ ಇದ್ದರೆ ಆಗಸ್ಟ್. ಬಾಣವಿದ್ದು ರೆಕ್ಕೆ ಇಲ್ಲದೆ ಮೂತಿ ಮುಚ್ಚಿದ್ದರೆ ಸೆಪ್ಟೆಂಬರ್. ಮುಚ್ಚಿದ ಮೂತಿಗೆ ರೆಕ್ಕೆಯನ್ನೂ ಅಂಟಿಸಿದ ಮಾದರಿ ಈ ಮೂರು ದಾಖಲೆಗಳಲ್ಲಿ ಯಾವುದಕ್ಕೂ ಹೊಂದದು. ನಿಜವಾದ ಕಾರು ನ್ಯೂಜಿಲೆಂಡ್‌ನಲ್ಲಿ 1946ರ ಬೆಂಕಿಗೆ ಆಹುತಿಯಾಯಿತು, ಆದ್ದರಿಂದ ಹೋಲಿಸಿ ನೋಡಲು ಆ ಕಾಲದ ಫೋಟೋಗಳೇ ಗತಿ.

ನಿಮ್ಮ ಪ್ರಶ್ನೆಯಲ್ಲಿರುವುದು ಬಹುಶಃ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ಬ್ಲೂಬರ್ಡ್ ಸಿಎನ್7. 1960ರಲ್ಲಿ ಬಾನ್ವಿಲ್‌ನಲ್ಲಿ ಅಪಘಾತಕ್ಕೀಡಾದಾಗ ಅದಕ್ಕೆ ಬಾಲದ ರೆಕ್ಕೆ ಇರಲಿಲ್ಲ. ಮತ್ತೆ ಕಟ್ಟಿದಾಗ ಎತ್ತರದ ರೆಕ್ಕೆ ಬಂತು, 1964ರ ಜುಲೈ 17ರಂದು ಆಸ್ಟ್ರೇಲಿಯಾದ ಐರ್ ಸರೋವರದ ಒಣಗಿದ ಉಪ್ಪಿನ ತಳದಲ್ಲಿ ಗಂಟೆಗೆ 403.10 ಮೈಲಿಯ ದಾಖಲೆ ಮಾಡಿದ್ದು ಈ ರೂಪದಲ್ಲೇ. 1960ರಲ್ಲಿ ಕಾರ್ಗಿ ಎಂಬ ಆಟಿಕೆ ಕಂಪನಿ ತಂದ ಮಾದರಿಗೆ ರೆಕ್ಕೆ ಇಲ್ಲದಿರುವುದು ತಪ್ಪಲ್ಲ, ಅದು ತನ್ನ ಕಾಲಕ್ಕೆ ಸರಿಯಾಗಿಯೇ ಇದೆ. ಅದಕ್ಕೆ ರೆಕ್ಕೆ ಅಂಟಿಸಿ "ಸರಿಪಡಿಸುವುದು" ಮಾತ್ರ ಬೇಡವೇ ಬೇಡ.

ಕಾಬ್ ಅವರ ರೇಲ್ಟನ್ ಕಾರಿನಲ್ಲಿ ಹೆಸರನ್ನೇ ನೋಡಿ: ಮೊಬಿಲ್ ಎಂಬುದು ಸೇರಿದ್ದು 1947ರಲ್ಲಿ ಗಂಟೆಗೆ 394 ಮೈಲಿ ಮುಟ್ಟಿದ ಓಟಕ್ಕೆ. ಡೊನಾಲ್ಡ್ ಅವರ ತಂದೆ ಮಾಲ್ಕಂ ಕ್ಯಾಂಪ್‌ಬೆಲ್ ಅವರ ಬ್ಲೂ ಬರ್ಡ್‌ನಲ್ಲಿ ಅಗಲವಾದ ಮೈ, ಹಿಂದೆ ಜೋಡಿ ಚಕ್ರಗಳಿದ್ದರೆ ಅದು 1935ರದ್ದು.

ರೂಪ ಸರಿಯೆಂದಾದ ಮೇಲೆ ಅಳತೆ. ಡಬ್ಬಿಯ ಮೇಲಿನ ಸ್ಕೇಲನ್ನು (ಮಾದರಿ ನಿಜ ಕಾರಿನ ಎಷ್ಟನೇ ಒಂದು ಭಾಗ ಎಂಬ ಲೆಕ್ಕವನ್ನು) ನಂಬಬೇಡಿ. ಹಳೆಯ ಆಟಿಕೆಗಳನ್ನು ಡಬ್ಬಿಗೆ ಹಿಡಿಸುವಷ್ಟು ಮಾಡಿದ್ದುಂಟು. ನಿಜ ಕಾರಿನ ಉದ್ದವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಮಾದರಿಯ ಉದ್ದದಿಂದ ಭಾಗಿಸಿ. 1997ರಲ್ಲಿ ಶಬ್ದದ ವೇಗ ದಾಟಿದ ಥ್ರಸ್ಟ್ ಎಸ್ಎಸ್‌ಸಿ ಸುಮಾರು 16.5 ಮೀಟರ್, ಅಂದರೆ 1:43ರಲ್ಲಿ ಅದು 384 ಮಿ.ಮೀ. ಬರಬೇಕು. ಅಳೆದಾಗ 330 ಬಂದರೆ ಅದು 1:50. ಕಪಾಟಿನ ಆಳವನ್ನೂ ಮೊದಲೇ ಅಳೆದಿಡಿ: 1:43ರಲ್ಲಿ ಸಿಎನ್7 ಸುಮಾರು 21 ಸೆಂ.ಮೀ. ಮಾತ್ರ.

ಎರಡನೇ ಮಹಾಯುದ್ಧಕ್ಕೂ ಹಿಂದಿನ ಡಿಂಕಿ ಕಂಪನಿಯ ಲೋಹದ ಮಾದರಿಗಳಿಗೆ ಈ ಅಳತೆ ಇನ್ನೊಂದು ಕೆಲಸ ಮಾಡುತ್ತದೆ. ಅವುಗಳ ಸತು ಮಿಶ್ರಲೋಹಕ್ಕೆ ಸೀಸ ಬೆರೆತುಹೋಗಿದ್ದರೆ, ಕಾಲ ಕಳೆದಂತೆ ಲೋಹ ಒಳಗಿಂದ ಸೀಳಿ ಊದಿಕೊಳ್ಳುತ್ತದೆ. ಹಾಗಾಗಿ ಅದೇ ಅಚ್ಚಿನ, ಕೆಡದ ಮಾದರಿಗಿಂತ ಒಂದೆರಡು ಮಿ.ಮೀ. ಉದ್ದವಿದ್ದರೂ ಅನುಮಾನಪಡಿ. ತಳವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಜೇಡರ ಬಲೆಯಂಥ ಬಿರುಕುಗಳು ಕಾಣುತ್ತವೆ, ಅಲ್ಲಲ್ಲಿ ಬಣ್ಣ ಉಬ್ಬಿರುತ್ತದೆ. ಇದಕ್ಕೆ ಮದ್ದಿಲ್ಲ, ಅಂಟೂ ನಿಲ್ಲದು. ಪಕ್ಕದ ಮಾದರಿಗೆ ಹರಡುತ್ತದೆಂಬ ಭಯ ಬೇಡ, ತೇವ ಮತ್ತು ಬಿಸಿಯಿಂದ ದೂರವಿಟ್ಟರೆ ಕೊಳೆಯುವುದು ನಿಧಾನವಾಗುತ್ತದೆ.

ರೆಸಿನ್ (ಒಂದು ಬಗೆಯ ಎರಕದ ಪ್ಲಾಸ್ಟಿಕ್) ಮಾದರಿಗಳ ಕಾಯಿಲೆಯೇ ಬೇರೆ. ದಾಖಲೆ ಕಾರುಗಳು ಉದ್ದ, ತೆಳು. ಬಿಸಿಲು ಬೀಳುವ ಕಡೆ ಇಟ್ಟರೆ ನಡು ಬಾಗುತ್ತದೆ. ಗಾಜಿನ ಮೇಲೆ ಇಟ್ಟು ಚಕ್ರಗಳೆಲ್ಲ ತಾಗುತ್ತವೆಯೇ ನೋಡಿ. ನಾವೇ ಜೋಡಿಸಬೇಕಾದ, ಬಣ್ಣ ಹಚ್ಚದ ಕಿಟ್ ಆದರೆ, ಮುಟ್ಟಿದರೆ ಸುಡುವಷ್ಟು ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಸಮತಟ್ಟಾದ ಗಾಜಿಗೆ ಒತ್ತಿ, ಪೂರ್ತಿ ತಣಿಯುವವರೆಗೆ ಅಲುಗಿಸದೆ ಹಿಡಿಯಿರಿ. ಬಣ್ಣ, ಡೆಕಾಲ್ (ಅಂಟಿಸಿದ ತೆಳು ಚಿತ್ರ) ಇರುವ ಮಾದರಿಗೆ ಇದನ್ನು ಮಾಡಬೇಡಿ: ಮೈ ನೆಟ್ಟಗಾಗುವ ಮೊದಲೇ ಡೆಕಾಲ್ ಏಳುತ್ತದೆ. ಅಂಥದ್ದು ಬಾಗಿದ್ದರೆ ಕೊಳ್ಳದಿರುವುದೇ ಲೇಸು.