ಓದುಗರ ಪ್ರಶ್ನೆ: ‘ಸಾವಿರ ಹಡಗು’ಗಳ ಸಾಲು ಶೇಕ್ಸ್‌ಪಿಯರನ ಯಾವ ನಾಟಕದ್ದು?

ಯಾವ ನಾಟಕದ್ದೂ ಅಲ್ಲ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ‘ಸಾವಿರ ಹಡಗುಗಳನ್ನು ಕಡಲಿಗಿಳಿಸಿದ ಮುಖ ಇದೇ ಏನು?’ ಎಂದು, ಟ್ರಾಯ್ ಯುದ್ಧಕ್ಕೆ ಕಾರಣಳಾದ ಗ್ರೀಕ್ ಕಥೆಯ ಸುಂದರಿ ಹೆಲೆನಳನ್ನು ಕಂಡು ಕೇಳಿದವನು ‘ಡಾಕ್ಟರ್ ಫಾಸ್ಟಸ್’ ನಾಟಕದ ನಾಯಕ. ಅವನ ಬಾಯಲ್ಲಿ ಆ ಮಾತು ಆಡಿಸಿದವನು ಕ್ರಿಸ್ಟೋಫರ್ ಮಾರ್ಲೋ. ಕ್ಯಾಂಟರ್‌ಬರಿಯಲ್ಲಿ ಬೂಟು ಹೊಲಿಯುತ್ತಿದ್ದವನ ಮಗ. ಹುಟ್ಟಿದ್ದು ಶೇಕ್ಸ್‌ಪಿಯರ್ ಹುಟ್ಟಿದ 1564ರಲ್ಲೇ.

‘ಇಲ್ಲ ಸಾರ್, ಶೇಕ್ಸ್‌ಪಿಯರನಲ್ಲಿ ಓದಿದ ನೆನಪಿದೆ’ ಎಂದು ಪಟ್ಟು ಹಿಡಿಯುವವರಿದ್ದಾರೆ. ಆ ನೆನಪು ಪೂರ್ತಿ ಸುಳ್ಳಲ್ಲ, ಅದಕ್ಕೇ ಈ ತಪ್ಪು ಸಾಯುತ್ತಿಲ್ಲ. ‘ಟ್ರಾಯ್ಲಸ್ ಅಂಡ್ ಕ್ರೆಸಿಡಾ’ದ ಎರಡನೇ ಅಂಕದಲ್ಲಿ ಟ್ರಾಯ್ಲಸ್ ಇದೇ ಹೆಲೆನಳನ್ನು ಮುತ್ತು ಎನ್ನುತ್ತಾನೆ, ಆ ಮುತ್ತಿನ ಬೆಲೆ ಸಾವಿರಕ್ಕೂ ಹೆಚ್ಚು ಹಡಗುಗಳನ್ನು ಹೊರಡಿಸಿತು, ಕಿರೀಟ ತೊಟ್ಟ ರಾಜರನ್ನು ವ್ಯಾಪಾರಿಗಳಾಗಿಸಿತು ಎನ್ನುತ್ತಾನೆ. ‘ಮುಖ’ ಹೋಗಿ ‘ಬೆಲೆ’ ಬಂತು. ‘ಎರಡನೇ ರಿಚರ್ಡ್’ನಲ್ಲಿ ಪಟ್ಟ ಕಳೆದುಕೊಂಡ ದೊರೆ ಕನ್ನಡಿ ಹಿಡಿದು, ದಿನವೂ ಹತ್ತು ಸಾವಿರ ಜನರನ್ನು ಸಾಕಿದ ಮುಖ ಇದೇ ಏನು ಎಂದು ಕೇಳಿಕೊಳ್ಳುತ್ತಾನೆ. ಅಲ್ಲಿ ಮುಖ ಉಳಿಯಿತು, ಹಡಗು ಹೋಯಿತು. ಎರಡೂ ಮಾರ್ಲೋನ ಸಾಲಿನ ಮರುದನಿಗಳು. ಅಂದಿನ ಪ್ರೇಕ್ಷಕರಿಗೆ ಮೂಲ ಬಾಯಿಪಾಠವಾಗಿದ್ದರಿಂದಲೇ ಶೇಕ್ಸ್‌ಪಿಯರ್ ಹೀಗೆ ಮಾಡಬಹುದಿತ್ತು.

‘ಫಾಸ್ಟಸ್ ಅಚ್ಚಾಗಿದ್ದೇ 1604ರಲ್ಲಿ, ಮೊದಲು ಬರೆದವರು ಯಾರೆಂದು ಹೇಗೆ ಹೇಳುತ್ತೀರಿ?’ ಇದೂ ಬರುತ್ತದೆ. ಮಾರ್ಲೋ ಡೆಪ್ಟ್‌ಫರ್ಡ್‌ನಲ್ಲಿ ಇರಿತಕ್ಕೆ ಸಿಕ್ಕಿ ಸತ್ತದ್ದು 1593ರ ಮೇ 30ರಂದು, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ. ಮರುವರ್ಷವೇ ಫಾಸ್ಟಸ್ ಆಡಿದ ಲೆಕ್ಕ ನಾಟಕಶಾಲೆಯ ಯಜಮಾನ ಹೆನ್ಸ್ಲೋನ ದಿನಚರಿಯಲ್ಲಿದೆ. 1604ರ ಮುದ್ರಣಕ್ಕೂ 1616ರದಕ್ಕೂ ಬಹಳ ವ್ಯತ್ಯಾಸ, ಆದರೆ ಹೆಲೆನಳ ಮುಂದಿನ ಮಾತು ಎರಡರಲ್ಲೂ ಇದೆ. ವಚನಕ್ಕಿರುವ ಹಾಗೆ ನಾಟಕದ ಸಾಲಿಗೆ ಅಂಕಿತವಿಲ್ಲವಲ್ಲ, ಹಾಗಾಗಿ ಹೆಸರಾದವನ ಪಾಲಾಗುತ್ತದೆ. ಶೇಕ್ಸ್‌ಪಿಯರ್ ಮಾತ್ರ ಈ ಋಣ ಮುಚ್ಚಿಡಲಿಲ್ಲ. ‘ಮೊದಲ ನೋಟದಲ್ಲೇ ಒಲಿಯದೆ ಒಲಿದವರು ಯಾರು?’ ಎಂಬ ಮಾರ್ಲೋನ ಇನ್ನೊಂದು ಸಾಲನ್ನು ‘ಆ್ಯಸ್ ಯು ಲೈಕ್ ಇಟ್’ನಲ್ಲಿ ಎತ್ತಿಕೊಂಡಾಗ, ಬರೆದವನನ್ನು ‘ಸತ್ತ ಕುರುಬ’ನೆಂದು ಕರೆದು ನೆನೆದ.

ಸಾಲು ಯಾರದೆಂದು ಎಲ್ಲರೂ ಕೇಳುತ್ತೀರಿ, ಸಂದರ್ಭವನ್ನು ಯಾರೂ ಕೇಳುವುದಿಲ್ಲ. ಹುಟ್ಟುಹಬ್ಬದ ಫೋಟೋ ಕೆಳಗೆ ಇದನ್ನು ಹಾಕುವವರಿಗೆ ತಿಳಿದಿರಲಿ: ಫಾಸ್ಟಸನ ಎದುರು ನಿಂತವಳು ನಿಜವಾದ ಹೆಲೆನ್ ಅಲ್ಲ, ಸೈತಾನನ ದೂತ ಮೆಫಿಸ್ಟೋಫಿಲಿಸ್ ತಂದು ನಿಲ್ಲಿಸಿದ ಪಿಶಾಚ ರೂಪ. ಫಾಸ್ಟಸನಿಗೆ ಇದು ಗೊತ್ತು. ಅಲೆಕ್ಸಾಂಡರನನ್ನು ನೋಡಬೇಕೆಂದ ಚಕ್ರವರ್ತಿಗೆ, ಸತ್ತವರ ನಿಜದೇಹ ತರಲು ನನ್ನಿಂದಾಗದು ಎಂದು ಅವನೇ ಹಿಂದೆ ಹೇಳಿದ್ದ. ಇಪ್ಪತ್ತನಾಲ್ಕು ವರ್ಷಗಳ ಸುಖಕ್ಕೆ ಆತ್ಮ ಮಾರಿದ್ದಾನೆ, ಗಡುವು ಮುಗಿಯುತ್ತಿದೆ, ಪಶ್ಚಾತ್ತಾಪ ಪಡು ಎಂದು ಮುದುಕನೊಬ್ಬ ಆಗಷ್ಟೇ ಬೇಡಿಕೊಂಡಿದ್ದಾನೆ. ಅಂಥ ಹೊತ್ತಿನಲ್ಲಿ ‘ಒಂದು ಮುತ್ತಿಟ್ಟು ನನ್ನನ್ನು ಅಮರನಾಗಿಸು’ ಎನ್ನುತ್ತಾನೆ. ಮುಂದಿನ ಮಾತೇ, ‘ಅವಳ ತುಟಿ ನನ್ನ ಆತ್ಮವನ್ನು ಹೀರುತ್ತಿದೆ.’ ಹೆಲೆನಳಿಗೆ ನಾಟಕದಲ್ಲಿ ಒಂದೇ ಒಂದು ಮಾತೂ ಇಲ್ಲ.

ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಸಾಲು ಕೊನೆಯ ಗಂಟೆಯಲ್ಲಿದೆ, ಲ್ಯಾಟಿನ್‌ನಲ್ಲಿದೆ: ‘ಲೆಂಟೆ, ಲೆಂಟೆ ಕುರ್ರಿಟೆ, ನಾಕ್ಟಿಸ್ ಎಕ್ವಿ’. ರಾತ್ರಿಯ ಕುದುರೆಗಳೇ, ಮೆಲ್ಲಗೆ, ಮೆಲ್ಲಗೆ ಓಡಿ. ಇದು ಓವಿಡ್ ಕವಿಯದು. ಅವನಲ್ಲಿ ಇದು ನಲ್ಲೆಯ ತೋಳಲ್ಲಿರುವವನು ಬೆಳಗಾಗದಿರಲೆಂದು ಬೇಡುವ ಪದ್ಯದಲ್ಲಿ ಬರುವ ಮಾತು. ಮಾರ್ಲೋ ಆ ಪದ್ಯಗಳನ್ನು ಇಂಗ್ಲಿಷಿಗೆ ತಂದಿದ್ದವನು, ಅದರ ಸವಿ ಬಲ್ಲವನು. ಅದನ್ನೇ ತಂದು, ಹನ್ನೆರಡು ಹೊಡೆದರೆ ನರಕಕ್ಕೆ ಹೋಗಬೇಕಾದವನ ಬಾಯಲ್ಲಿಟ್ಟ. ಗಡಿಯಾರ ಆಗಲೇ ಹನ್ನೊಂದು ಹೊಡೆದಿತ್ತು.