ಮೇಣದಬತ್ತಿಗಾಗಿ ಹದಗೊಂಡ ಸೀಸದ ಗಾಜು

ಹಳೆಯ ಫ್ರೆಂಚ್ ಶಾಂಡಲಿಯರ್, ಅಂದರೆ ಗಾಜಿನ ತುಣುಕುಗಳ ತೂಗುದೀಪ, ಅಂದ ಕೂಡಲೇ ಎಲ್ಲರಿಗೂ ಅರಮನೆ ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವುದು ಸೀಸ.

ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಶ್ರೀಮಂತರ ತೂಗುದೀಪಗಳಿಗೆ ಸ್ಫಟಿಕದ ಕಲ್ಲನ್ನೇ ಕೊರೆದು ಕಟ್ಟುತ್ತಿದ್ದರು. ನೋಡಲು ಬಲು ಚೆಂದ. ಆದರೆ ಕಲ್ಲು ದುಬಾರಿ, ಗಟ್ಟಿಯೂ ಜಾಸ್ತಿ. ಗಾಜಿನ ಹಾಗೆ ಕರಗಿಸಿ ಬೇಕಾದ ಆಕಾರಕ್ಕೆ ತರಲೂ ಆಗದು. 1670ರ ದಶಕದಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಗಾಜಿಗೆ ಸೀಸದ ಆಕ್ಸೈಡ್ ಬೆರೆಸುವ ಹದ ಕಂಡುಕೊಂಡ. ಅದು ಫ್ರೆಂಚರ ಕೈಗೆ ಹತ್ತಲು ಸುಮಾರು ನೂರು ವರ್ಷ ಬೇಕಾಯಿತು. 1781ರಲ್ಲಿ ಲೊರೇನ್ ಪ್ರಾಂತ್ಯದ ಸೇಂಟ್ ಲೂಯಿ ಕಾರ್ಖಾನೆ ಅದನ್ನು ಸಾಧಿಸಿತು.

ಅದೇ ಪ್ರಾಂತ್ಯದ ಬಕರಾ ಊರಿನಲ್ಲಿ 1764ರಿಂದಲೂ ಗಾಜಿನ ಕಾರ್ಖಾನೆ ಇತ್ತು. ಆದರೆ ಅಲ್ಲಿ ಕ್ರಿಸ್ಟಲ್ ಗಾಜು (ಸೀಸ ಬೆರೆಸಿದ ಈ ಗಾಜಿಗೇ ಆ ಹೆಸರು) ಬಂದದ್ದು ಗಡಿ ಬದಲಾದದ್ದರಿಂದ. ಡಾರ್ಟಿಗ್ ಎಂಬ ಉದ್ಯಮಿಯ ಕ್ರಿಸ್ಟಲ್ ಕಾರ್ಖಾನೆ ಈಗಿನ ಬೆಲ್ಜಿಯಂನ ವೊನೆಷ್‌ನಲ್ಲಿತ್ತು. ನೆಪೋಲಿಯನ್ ಸೋತ ಮೇಲೆ ಆ ಜಾಗ ಫ್ರಾನ್ಸಿನಿಂದ ಹೊರಗುಳಿಯಿತು, ಮಾಲಿಗೆ ಸುಂಕ ಬಿತ್ತು. 1816ರಲ್ಲಿ ಆತ ಬಕರಾ ಕಾರ್ಖಾನೆಯನ್ನೇ ಕೊಂಡುಕೊಂಡ.

ಸೀಸ ಸೇರಿದರೆ ಏನಾಗುತ್ತದೆ? ಅದರ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳು ಬಹಳ, ಬೆಳಕಿಗೆ ಸುಲಭವಾಗಿ ಅಲುಗುತ್ತವೆ. ಹಾಗಾಗಿ ಬೆಳಕಿನ ವೇಗ ಇನ್ನಷ್ಟು ತಗ್ಗುತ್ತದೆ. ವೇಗ ತಗ್ಗಿದಷ್ಟೂ ಬೆಳಕು ಹೆಚ್ಚು ಬಾಗುತ್ತದೆ; ಅದರ ಅಳತೆಯೇ ವಕ್ರೀಭವನ ಸೂಚ್ಯಂಕ. ಮಾಮೂಲಿ ಗಾಜಿನದು ಸುಮಾರು 1.52. ಶೇ 24ಕ್ಕಿಂತ ಜಾಸ್ತಿ ಸೀಸದ ಆಕ್ಸೈಡ್ ಇರುವ ಗಾಜಿನದು 1.54ರ ಮೇಲೆ. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ನಿಜವಾದ ಲಾಭ ಇರುವುದು ಬೇರೆ ಕಡೆ. ಕೆಂಪು ಮತ್ತು ನೇರಳೆ ಬಣ್ಣಗಳು ಬಾಗುವುದರಲ್ಲಿನ ಅಂತರ ಈ ಗಾಜಿನಲ್ಲಿ ಹೆಚ್ಚು. ದೊಡ್ಡ ಹಜಾರದಲ್ಲಿ ಕಿರಣ ಕಣ್ಣು ಮುಟ್ಟುವಷ್ಟರಲ್ಲಿ ಬಣ್ಣಗಳು ಬೇರೆಬೇರೆಯಾಗಿರುತ್ತವೆ. ತಲೆ ತುಸು ಅಲುಗಿಸಿದರೆ ಸಾಕು, ಕೆಂಪಿದ್ದ ಚುಕ್ಕಿ ಹಸಿರಾಗುತ್ತದೆ. ಮೇಣದಬತ್ತಿಯ ಜ್ವಾಲೆ ತಾನೇ ಅಲುಗುವುದರಿಂದ, ಸುಮ್ನೆ ಕೂತವರಿಗೂ ಆ ಮಿನುಗು ಕಾಣುತ್ತಿತ್ತು.

ಸೀಸದ ಇನ್ನೊಂದು ಉಪಕಾರ ಕುಶಲಕರ್ಮಿಗೆ. ಈ ಗಾಜು ಮೆದು, ಉಜ್ಜಿದರೆ ಬೇಗ ಸವೆಯುತ್ತದೆ. ತಿರುಗುವ ಚಕ್ರಕ್ಕೆ ಗಾಜನ್ನು ಒತ್ತಿ ಹಿಡಿದು, ಮರಳು ನೀರು ಬಿಡುತ್ತಾ ಒಂದೊಂದೇ ಮುಖ ಕಡೆಯುತ್ತಿದ್ದರು. ಆಮೇಲೆ ನಯವಾದ ಪುಡಿಯಿಂದ ಹೊಳಪು. ಮುಖಗಳ ಕೋನ ಸರಿಯಿದ್ದರೆ ಒಳಹೊಕ್ಕ ಬೆಳಕು ಹಿಂಬದಿಯಿಂದ ಸೋರಿಹೋಗದೆ ಪೂರ್ತಿ ಪ್ರತಿಫಲಿಸಿ ಹೊರಬರುತ್ತದೆ. ರಾಸಾಯನಿಕ ಹದ ಎಷ್ಟೇ ಚೆನ್ನಾಗಿರಲಿ, ಈ ಕೈ ತಪ್ಪಿದರೆ ಹೊಳಪಿಲ್ಲ. ನನ್ನ ಗೌರವ ಜಾಸ್ತಿ ಸಲ್ಲುವುದು ಈ ಕೈಗಳಿಗೇ.

ಹಳೆಯ ತುಣುಕು ಸಿಕ್ಕಿದರೆ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿ. ಕಡೆದದ್ದಾದರೆ ಅಂಚು ಚೂಪು. ಅಚ್ಚಿನಲ್ಲಿ ಒತ್ತಿ, ಹಾಗೇ ಬಿಟ್ಟದ್ದಾದರೆ ತುಸು ದುಂಡು. ಅಂಥ ದೀಪ ನಿಮ್ಮಲ್ಲೇ ಇದ್ದರೆ ಹಾಲುಬಿಳುಪಿನ ಬಲ್ಬ್ ಬೇಡ. ಅಗಲವಾದ ಬೆಳಕಿನಲ್ಲಿ ಬಣ್ಣಗಳು ಒಂದರ ಮೇಲೊಂದು ಬಿದ್ದು ಮತ್ತೆ ಬಿಳಿಯಾಗುತ್ತವೆ. ತಂತಿ ಕಾಣುವ ಪುಟ್ಟ ಪಾರದರ್ಶಕ ಬಲ್ಬ್ ಹಾಕಿ.